ದುರ್ರೆಸ್: ಏಡ್ರಿಯಾಟಿಕ್ ಕಡಲಿನ ಹಳೆಯ ಪಾನಗೃಹ

ಇಟಲಿಯ ಬಾರಿ ಬಂದರಿನಿಂದ ರಾತ್ರಿ ಹೊರಡುವ ಹಡಗು ಬೆಳಗಾಗುವ ಹೊತ್ತಿಗೆ ಅಲ್ಬೇನಿಯಾದ ದುರ್ರೆಸ್ ನಗರವನ್ನು ಮುಟ್ಟುತ್ತದೆ. ಬಾರಿಯಲ್ಲಿ ಎಂಟು ವರ್ಷಗಳಿಂದ ನೆಲೆಸಿರುವ ನನ್ನ ಅಕ್ಕನಿಗೆ ಈ ಪಯಣ ಹೊಸದಲ್ಲ. ಹಡಗು ದಡ ಬಿಟ್ಟ ಅರ್ಧ ಗಂಟೆಯಲ್ಲಿ ಅವಳು ಶಾಲು ಹೊದ್ದು ಮಲಗಿಬಿಟ್ಟಳು. ನನಗೆ ನಿದ್ದೆ ಹತ್ತಲಿಲ್ಲ. 1991ರ ಆಗಸ್ಟ್ 8ರಂದು, ಕ್ಯೂಬಾದಿಂದ ಸಕ್ಕರೆ ಹೊತ್ತು ತಂದಿದ್ದ 'ವ್ಲೋರಾ' ಎಂಬ ಸರಕು ಹಡಗನ್ನು ದುರ್ರೆಸ್‌ನಲ್ಲಿ ಏರಿದ ಸುಮಾರು 20,000 ಜನ ಇದೇ ನೀರನ್ನು ದಾಟಿ ಬಾರಿಗೆ ಬಂದಿಳಿದಿದ್ದರು. ದಶಕಗಳ ಕಾಲ ಹೊರಜಗತ್ತಿಗೆ ಬಾಗಿಲು ಮುಚ್ಚಿಕೊಂಡಿದ್ದ ದೇಶವೊಂದರ ಜನ ಅವರು. ಹೆಚ್ಚಿನವರನ್ನು ಇಟಲಿ ಕೆಲವೇ ದಿನಗಳಲ್ಲಿ ಹಿಂದಕ್ಕೆ ಕಳುಹಿಸಿತು. ಅವರು ಬಿಟ್ಟುಬರಲು ಹವಣಿಸಿದ ಊರಿಗೆ ನಾನು ಊಟ ಮಾಡಲು, ದ್ರಾಕ್ಷಾರಸ ಸವಿಯಲು, ಕಟ್ಟಡ ನೋಡಲು ಹೋಗುತ್ತಿದ್ದೇನೆ ಎಂಬ ವಿಚಾರ ಆ ರಾತ್ರಿಯೆಲ್ಲ ಮನಸ್ಸಿನಲ್ಲಿ ಸುಳಿಯುತ್ತಲೇ ಇತ್ತು.

ಸಮುದ್ರದ ಕಡೆಯಿಂದ ನೋಡಿದರೆ ದುರ್ರೆಸ್ ಚೆಲುವಾದ ಊರೇನೂ ಅಲ್ಲ. ಬಂದರಿನ ಕ್ರೇನುಗಳು, ಅವುಗಳ ಹಿಂದೆ ಒತ್ತೊತ್ತಾಗಿ ನಿಂತ ವಸತಿ ಸಮುಚ್ಚಯಗಳು, ಬಾಲ್ಕನಿಗಳಲ್ಲಿ ಒಣಗುವ ಬಟ್ಟೆಗಳು ಮೊದಲು ಕಣ್ಣಿಗೆ ಬೀಳುತ್ತವೆ. ಈ ಊರಿನ ವಯಸ್ಸು ತಿಳಿಯಬೇಕಾದರೆ ಒಳಗೆ ನಡೆದೇ ಹೋಗಬೇಕು. ಕ್ರಿಸ್ತಪೂರ್ವ 627ರಲ್ಲಿ ಕೊರಿಂಥ್ ಮತ್ತು ಕೊರ್ಸಿರಾದಿಂದ ಬಂದ ಗ್ರೀಕರು ಎಪಿಡಾಮ್ನೋಸ್ ಎಂಬ ಹೆಸರಿನಲ್ಲಿ ಇದನ್ನು ಕಟ್ಟಿದರು. ಈ ಊರಿನ ಒಳಜಗಳವೇ ಮುಂದೆ ಬೆಳೆದು ಅಥೆನ್ಸ್ ಮತ್ತು ಸ್ಪಾರ್ಟಾಗಳ ನಡುವಿನ ಮಹಾಯುದ್ಧಕ್ಕೆ ಒಂದು ಕಾರಣವಾಯಿತೆಂದು ಪ್ರಾಚೀನ ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್ ಬರೆದಿದ್ದಾನೆ. ರೋಮನ್ನರು ಇದನ್ನು ಡಿರ್ರಾಕಿಯಂ ಎಂದು ಕರೆದರು. ಇಲ್ಲಿಂದ ಥೆಸಲೋನಿಕಿಯ ಮೂಲಕ ಬೈಜಾಂಟಿಯಂವರೆಗೆ, ಎಂದರೆ ಇಂದಿನ ಇಸ್ತಾಂಬುಲ್‌ವರೆಗೆ, ಸಾಗುವ ವಿಯಾ ಎಗ್ನಾಷಿಯಾ ಎಂಬ ಹೆದ್ದಾರಿಯನ್ನು ಹಾಕಿದರು. ಇಟಲಿಯಿಂದ ಪೂರ್ವಕ್ಕೆ ಹೋಗುವ ಸೈನಿಕ, ವ್ಯಾಪಾರಿ, ಅಧಿಕಾರಿ ಎಲ್ಲರೂ ಇಲ್ಲಿ ಇಳಿಯುತ್ತಿದ್ದರು. ಪಶ್ಚಿಮಕ್ಕೆ ಮರಳುವವರು ಅನುಕೂಲದ ಗಾಳಿಗಾಗಿ ಇಲ್ಲಿಯೇ ಕಾದು ಕುಳಿತಿರುತ್ತಿದ್ದರು. ಹಾಗೆ ಕಾಯುವವರಿಗೆ ಊಟ ಬೇಕು, ಕುಡಿಯಲು ಬೇಕು. ಲ್ಯಾಟಿನ್ ಕವಿ ಕಟುಲ್ಲಸ್ ಈ ಊರನ್ನು ಏಡ್ರಿಯಾಟಿಕ್ ಕಡಲಿನ ಪಾನಗೃಹವೆಂದು ಕರೆದದ್ದು ಸುಮ್ಮನೆ ಅಲ್ಲ. ಎರಡು ಸಾವಿರ ವರ್ಷಗಳ ಹಿಂದಿನ ಆ ಮಾತು ಇವತ್ತಿಗೂ ಎಷ್ಟು ನಿಜ ಎಂದು ನೋಡುವುದೇ ನನ್ನ ಈ ಮೂರು ದಿನಗಳ ಆಸೆಯಾಗಿತ್ತು.

ಬೆಳಗಿನ ತಿಂಡಿಯೇ ನಮ್ಮ ಮೊದಲ ಗುರುತಾಯಿತು. ಬಂದರಿನಿಂದ ಊರೊಳಗೆ ಹೋಗುವ ಬೀದಿಯ ಪುಟ್ಟ ಅಂಗಡಿಯೊಂದರಲ್ಲಿ, ದೊಡ್ಡ ದುಂಡು ತಟ್ಟೆಯಲ್ಲಿ ಬೇಯಿಸಿದ ಬುರೆಕ್ ಅನ್ನು ಒಬ್ಬ ಹೆಂಗಸು ಅಗಲವಾದ ಚಾಕುವಿನಿಂದ ಕೊಯ್ದು ಕೊಡುತ್ತಿದ್ದರು. ಕಾಗದದಷ್ಟು ತೆಳ್ಳಗೆ ಲಟ್ಟಿಸಿದ ಹಿಟ್ಟಿನ ಪದರಗಳ ನಡುವೆ ಪಾಲಕ್ ಸೊಪ್ಪು ಮತ್ತು ಉಪ್ಪುಪ್ಪಾದ ಬಿಳಿ ಗಿಣ್ಣು (ಚೀಸ್). ಮೇಲಿನ ಪದರ ಹಲ್ಲಿಗೆ ಕರುಮುರು, ಒಳಗಿನದು ಮೆತ್ತಗೆ. ಅದರ ಜೊತೆಗೆ ಒಂದು ಲೋಟ 'ದಲ್ಲೆ' ಕೊಟ್ಟರು. ಅಕ್ಕ ಒಂದು ಗುಟುಕು ಕುಡಿದವಳೇ, "ಇದು ನಮ್ಮ ಮಜ್ಜಿಗೆಯೇ ಕಣೋ, ಇಂಗು ಕರಿಬೇವು ಇಲ್ಲ ಅಷ್ಟೇ" ಎಂದಳು. ನಿಜವಾಗಿಯೂ ಅದು ಉಪ್ಪು ಬೆರೆಸಿದ ಮಜ್ಜಿಗೆಯೇ. ಮೊಸರಿಗೆ ಈ ಜನ 'ಕೋಸ್' ಎನ್ನುತ್ತಾರೆ, ಮತ್ತು ಮೊಸರಿಲ್ಲದೆ ಅವರ ಅಡುಗೆ ನಡೆಯುವುದೇ ಇಲ್ಲ. ನಾವು ಭಾರತದವರು ಎಂದು ತಿಳಿದಾಗ ಆ ಹೆಂಗಸು ಎದೆಯ ಮೇಲೆ ಕೈಯಿಟ್ಟು "ನನ ತೆರೇಜಾ" ಎಂದರು. ಮದರ್ ತೆರೇಸಾ ಹುಟ್ಟಿದ್ದು ಸ್ಕೋಪ್ಯೆ ನಗರದ ಅಲ್ಬೇನಿಯನ್ ಕುಟುಂಬದಲ್ಲಿ. ಅಲ್ಬೇನಿಯಾದ ರಾಜಧಾನಿ ಟಿರಾನಾದ ವಿಮಾನ ನಿಲ್ದಾಣಕ್ಕೂ ಅವರದೇ ಹೆಸರು. ಎರಡು ದೇಶಗಳ ನಡುವೆ ಅಷ್ಟು ಹಿತವಾದ ಕೊಂಡಿ ಬೇರೊಂದಿಲ್ಲ.

ಅಲ್ಲಿಂದ ಐದು ನಿಮಿಷ ಏರು ಹತ್ತಿದರೆ ಆಂಫಿಥಿಯೇಟರ್. ರೋಮನ್ ಚಕ್ರವರ್ತಿ ಟ್ರೇಜನ್ನನ ಕಾಲದಲ್ಲಿ, ಎಂದರೆ ಕ್ರಿಸ್ತಶಕ ಎರಡನೇ ಶತಮಾನದ ಆರಂಭದಲ್ಲಿ, ಬೆಟ್ಟದ ಇಳಿಜಾರಿಗೆ ಒರಗಿಸಿ ಕಟ್ಟಿದ ಈ ಅಂಡಾಕಾರದ ಬಯಲು ರಂಗ ಬಾಲ್ಕನ್ ಪ್ರದೇಶದ ಅತಿ ದೊಡ್ಡ ರಂಗಗಳಲ್ಲಿ ಒಂದು. ಹದಿನೈದರಿಂದ ಇಪ್ಪತ್ತು ಸಾವಿರ ಜನ ಕುಳಿತು ಮಲ್ಲರ, ಮೃಗಗಳ ಕಾದಾಟ ನೋಡಬಹುದಾಗಿತ್ತು. ಇಷ್ಟು ದೊಡ್ಡ ಕಟ್ಟಡ ಶತಮಾನಗಳ ಕಾಲ ಮಣ್ಣಿನಡಿ ಮರೆಯಾಗಿತ್ತು, ಅದರ ಮೇಲೆ ಜನ ಮನೆ ಕಟ್ಟಿಕೊಂಡು, ಹಿತ್ತಿಲಲ್ಲಿ ಅಂಜೂರ ಬೆಳೆಸಿಕೊಂಡು ಬದುಕಿದ್ದರು. ಪುರಾತತ್ತ್ವಜ್ಞ ವಾಂಗೆಲ್ ತೋಚಿ 1966ರಲ್ಲಿ ಇದನ್ನು ಪತ್ತೆ ಹಚ್ಚಿದರು. ಇಂದಿಗೂ ರಂಗದ ಒಂದು ಭಾಗ ಮನೆಗಳ ಕೆಳಗೇ ಇದೆ. ಮೇಲಿನ ಸಾಲಿನಲ್ಲಿ ನಿಂತಾಗ ಒಂದು ಪಕ್ಕದಲ್ಲಿ ರೋಮನ್ ಇಟ್ಟಿಗೆಯ ಕಮಾನು, ಅದರ ನೆತ್ತಿಯ ಮೇಲೆಯೇ ಯಾರದೋ ಅಡುಗೆಮನೆಯ ಕಿಟಕಿ. ಒಗ್ಗರಣೆಯ ಬೆಳ್ಳುಳ್ಳಿ ವಾಸನೆ ಎರಡು ಸಾವಿರ ವರ್ಷದ ಮೆಟ್ಟಿಲುಗಳ ಮೇಲೆ ಇಳಿದು ಬರುತ್ತಿತ್ತು. ಮನೆಗಳನ್ನೆಲ್ಲ ತೆರವುಗೊಳಿಸಿ ಪೂರ್ತಿ ಅಗೆಯಬೇಕೆಂಬ ವಾದವನ್ನು ನಾನು ಬಲ್ಲೆ. ಆದರೆ ಆ ವಾಸನೆ ಇಲ್ಲದ ಆಂಫಿಥಿಯೇಟರನ್ನು ನೋಡಲು ನನಗೆ ಅಷ್ಟು ಇಷ್ಟವಿಲ್ಲ.

ಆಸನಗಳ ಕೆಳಗಿನ ಸುರಂಗದಂಥ ಓಣಿಯಲ್ಲಿ ಒಂದು ಪುಟ್ಟ ಪ್ರಾರ್ಥನಾಮಂದಿರವಿದೆ. ಕಾದಾಟಗಳು ನಿಂತು ಕ್ರೈಸ್ತ ಧರ್ಮ ಬೇರೂರಿದ ಮೇಲೆ ಅದೇ ರಂಗದ ಹೊಟ್ಟೆಯೊಳಗೆ ಇದನ್ನು ಕಟ್ಟಿ, ಗೋಡೆಗೆ ಮೊಸಾಯಿಕ್ ಹಚ್ಚಿದರು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಎರಡು ನಿಮಿಷ ಬೇಕಾಯಿತು. ಬಳಿಕ ಒಂದೊಂದೇ ಮುಖ ಮೂಡತೊಡಗಿತು: ಸಂತ ಸ್ಟೀಫನ್, ದೇವದೂತರ ನಡುವೆ ನಿಂತ ಮೇರಿ, ಪಾದದ ಬಳಿ ತೀರಾ ಚಿಕ್ಕದಾಗಿ ತೋರಿಸಿರುವ ದಾನಿಗಳು. ಹತ್ತಿರ ಹೋಗಿ ನೋಡಿದರೆ ಒಂದೊಂದು ಹರಳೂ ತೊಗರಿಬೇಳೆಯ ಗಾತ್ರದ್ದು, ಬೇಕೆಂದೇ ಸ್ವಲ್ಪ ಸೊಟ್ಟಗೆ ಕೂರಿಸಿದಂತಿದೆ, ಹಾಗಾಗಿ ನಾವು ತಲೆ ಅಲುಗಾಡಿಸಿದರೆ ಮುಖವೂ ಮಿನುಗುತ್ತದೆ. ಕೆಲವೆಡೆ ಹರಳುಗಳು ಉದುರಿ ಬರಿ ಗಾರೆ ಉಳಿದಿದೆ. ತೇವ ಏರಿ ಬರುತ್ತಿರುವುದು ಬರಿಗಣ್ಣಿಗೇ ಕಾಣುತ್ತದೆ. ಸಂಕಟವಾಯಿತು.

ಮಧ್ಯಾಹ್ನದ ಊಟಕ್ಕೆ ಮುನ್ನ ಕೋಟೆಗೋಡೆಯ ಬುಡದಲ್ಲಿ ನಡೆದೆವು. ಇದೇ ಊರಿನಲ್ಲಿ ಹುಟ್ಟಿ ಬೈಜಾಂಟೀನ್ (ಪೂರ್ವ ರೋಮನ್) ಚಕ್ರವರ್ತಿಯಾದ ಮೊದಲನೆಯ ಅನಸ್ತೇಸಿಯಸ್ ತನ್ನ ತವರಿಗೆ ಕಟ್ಟಿಸಿಕೊಟ್ಟ ಗೋಡೆ ಇದು; ಅದರ ಮೇಲೆ ನಾಲ್ವರಿಗಿಂತ ಹೆಚ್ಚು ಕುದುರೆ ಸವಾರರು ಸಾಲಾಗಿ ಹೋಗಬಹುದಿತ್ತೆಂದು ರಾಜಕುಮಾರಿ ಅನ್ನಾ ಕೊಮ್ನಿನಿ ಬರೆದಿಟ್ಟಿದ್ದಾಳೆ. ಈಗ ಉಳಿದಿರುವುದು ತುಂಡು ತುಂಡು. ಕೊನೆಯಲ್ಲಿ ವೆನಿಸ್‌ನವರು ಕಟ್ಟಿದ ದುಂಡು ಬುರುಜು. ಅದರ ಬಳಿ, 1939ರ ಏಪ್ರಿಲ್ 7ರಂದು ಮುಸೊಲಿನಿಯ ಸೈನ್ಯ ಇಳಿದಾಗ ಎದುರು ನಿಂತು ಮಡಿದ ಮುಯೊ ಉಲ್ಚಿನಾಕು ಅವರ ಪ್ರತಿಮೆ. ಇನ್ನೂ ಒಳಗೆ ಹೋದರೆ, ವಸತಿ ಕಟ್ಟಡಗಳ ಸಂದಿಯಲ್ಲಿ ಅಮೃತಶಿಲೆಯ ಕಂಬಗಳು ಸುತ್ತುವರಿದ ಬೈಜಾಂಟೀನ್ ಕಾಲದ ದುಂಡನೆಯ ಸಾರ್ವಜನಿಕ ಅಂಗಳ. ನಾವು ಹೋದಾಗ ಪಕ್ಕದಲ್ಲಿ ಹುಡುಗರು ಚೆಂಡಾಟ ಆಡುತ್ತಿದ್ದರು. 1990ರ ನಂತರ ಎದ್ದ ಎತ್ತರದ ಕಟ್ಟಡಗಳು ಈ ಊರಿಗೆ ಒಳಿತು ಮಾಡಿಲ್ಲವೆಂಬುದು ನನ್ನ ಅನಿಸಿಕೆ. 2019ರ ನವೆಂಬರ್ 26ರ ನಸುಕಿನಲ್ಲಿ 6.4 ತೀವ್ರತೆಯ ಭೂಕಂಪ ಈ ಭಾಗವನ್ನು ನಡುಗಿಸಿ 51 ಜನರನ್ನು ಬಲಿ ತೆಗೆದುಕೊಂಡಿತು. ನಾವು ಉಳಿದಿದ್ದ ಮನೆಯ ಅಜ್ಜಿ ಆ ರಾತ್ರಿಯ ವಿಷಯ ಬಂದಾಗ ಮಾತು ನಿಲ್ಲಿಸಿ ಗೋಡೆಯ ಬಿರುಕೊಂದನ್ನು ಅಂಗೈಯಿಂದ ಸವರಿದರು.

ಊಟದ ವಿಷಯಕ್ಕೆ ಬಂದರೆ, ದುರ್ರೆಸ್ ಒಂದು ಕಣ್ಣು ಕಡಲಿನತ್ತ, ಇನ್ನೊಂದು ಕಣ್ಣು ಬೆಟ್ಟದತ್ತ ನೆಟ್ಟ ಊರು. ಕಡಲ ಕಡೆಯದು ಇಟಲಿಯ ರುಚಿ: ಬೆಳ್ಳುಳ್ಳಿ, ಆಲಿವ್ ಎಣ್ಣೆಯಲ್ಲಿ ಬೇಯಿಸಿದ ನೀಲಿಕಲ್ಲು ಎಂಬ ಕಡಲ ಚಿಪ್ಪುಜೀವಿ, ಇದ್ದಿಲ ಮೇಲೆ ಇಡಿಯಾಗಿ ಸುಟ್ಟು ನಿಂಬೆ ಹಿಂಡಿದ ಮೀನು, ಸಿಗಡಿ ಬೆರೆಸಿದ ಪಾಸ್ತಾ. ಬಡಿಸುವವರು ಅಕ್ಕನೊಂದಿಗೆ ನೀರು ಕುಡಿದಷ್ಟು ಸಲೀಸಾಗಿ ಇಟಾಲಿಯನ್ ಮಾತನಾಡುತ್ತಿದ್ದರು. ಬಾಗಿಲು ಮುಚ್ಚಿದ್ದ ಕಾಲದಲ್ಲಿ ಆಚೆ ದಡದ ಟಿವಿಯನ್ನು ಕದ್ದು ನೋಡಿ ಕಲಿತ ಭಾಷೆ ಅದು. ಬೆಟ್ಟದ ಕಡೆಯದು ಬೇರೆ. ಗಿಣ್ಣಿನ ಜೊತೆ ದೊಣ್ಣೆಮೆಣಸು, ಟೊಮೆಟೊ ಹುರಿದು ಮಣ್ಣಿನ ಬೋಗುಣಿಯಲ್ಲಿ ಕುದಿಕುದಿಯುತ್ತಲೇ ತಂದಿಡುವ ಫರ್ಗೆಸ್. ಕುರಿಮಾಂಸಕ್ಕೆ ಅಕ್ಕಿ ಸೇರಿಸಿ, ಮೇಲೆ ಮೊಟ್ಟೆ ಕಲಸಿದ ಮೊಸರು ಸುರಿದು ಒಲೆಯಲ್ಲಿ ಬೇಯಿಸಿದ ತಾವ್ ಕೋಸಿ. ಈ ಎರಡನೆಯದರ ಮೇಲ್ಮೈ ಹೊಂಬಣ್ಣಕ್ಕೆ ತಿರುಗಿ ಉಬ್ಬಿರುತ್ತದೆ, ಚಮಚ ಇಳಿಸಿದರೆ ಒಳಗೆ ಹುಳಿಯಾದ ಕೆನೆ. ಮೊಸರನ್ನು ಒಡೆಯದಂತೆ ಇಷ್ಟು ಹೊತ್ತು ಕಾಯಿಸುವುದು ಹೇಗೆಂದು ಅಜ್ಜಿಯನ್ನು ಕೇಳಿದಾಗ, ಬೆಣ್ಣೆಯಲ್ಲಿ ಹುರಿದ ಒಂದಿಷ್ಟು ಹಿಟ್ಟು ಎಂದು ಕೈಸನ್ನೆಯಲ್ಲಿ ತೋರಿಸಿದರು. ನಮ್ಮಲ್ಲಿ ಮಜ್ಜಿಗೆಹುಳಿಗೆ ಕಡಲೆಹಿಟ್ಟು ಕದಡುವುದೂ ಇದೇ ಕಾರಣಕ್ಕಲ್ಲವೇ.

ಎರಡನೆಯ ದಿನ ಒಳನಾಡಿನ ಗುಡ್ಡಗಳಿಗೆ ಹೋದೆವು. ಟಿರಾನಾ ಮತ್ತು ದುರ್ರೆಸ್ ನಡುವಿನ ಈ ಇಳಿಜಾರುಗಳು ಶೇಶ್ ಎಂಬ ದ್ರಾಕ್ಷಿಯ ತವರು. ಇಲ್ಲಿನ ಹಳ್ಳಿಯೊಂದರ ಹೆಸರೇ ಬಳ್ಳಿಗೆ ಬಂದಿದೆ. ಕಪ್ಪು ಶೇಶ್‌ಗೆ 'ಶೇಶ್ ಇ ಜೀ', ಬಿಳಿಯದಕ್ಕೆ 'ಶೇಶ್ ಇ ಬರ್ಧ್' ಎನ್ನುತ್ತಾರೆ. ಕೊಯ್ಲು ಮುಗಿಯುವ ಸೆಪ್ಟೆಂಬರ್ ಕೊನೆಯ ವಾರವದು. ಒಂದು ಕುಟುಂಬದವರ ಅಂಗಳದಲ್ಲಿ ನಮ್ಮನ್ನು ಚಪ್ಪರದಡಿ ಕೂರಿಸಿ, ಹಿಂದಿನ ವರ್ಷದ ಕಪ್ಪು ಶೇಶ್ ಸುರಿದುಕೊಟ್ಟರು. ಮೊದಲ ಗುಟುಕಿಗೆ ನೇರಳೆಹಣ್ಣು ತಿಂದಾಗಿನಂತೆ ನಾಲಿಗೆ ಒಗರಾಯಿತು; ಗಿಣ್ಣು, ಆಲಿವ್ ಕಾಯಿ, ಸುಟ್ಟ ಕುರಿಮಾಂಸ ಬಂದ ಮೇಲೆ ಅದೇ ಒಗರು ಹಿತವಾಯಿತು. ಬರಿದೇ ಕುಡಿಯಲು ಮಾಡಿದ್ದಲ್ಲ ಇದು, ಊಟದ ಜೊತೆಗಾರ. ಕಮ್ಯುನಿಸ್ಟ್ ಆಡಳಿತದ ಸಹಕಾರಿ ಕೃಷಿಯ ಕಾಲದಲ್ಲಿ ಅಜ್ಜನ ತೋಟ ಕೈತಪ್ಪಿತ್ತೆಂದೂ, ಅಂಗಳದ ಈ ಚಪ್ಪರದ ಬಳ್ಳಿಯೊಂದು ಮಾತ್ರ ಉಳಿದಿತ್ತೆಂದೂ, ಅದರಿಂದಲೇ ಕಡ್ಡಿ ಕತ್ತರಿಸಿ ಮತ್ತೆ ತೋಟ ಎಬ್ಬಿಸಿದೆವೆಂದೂ ಮನೆಯ ಯಜಮಾನರು ಹೇಳಿದರು. ಅಲ್ಬೇನಿಯನ್ ಭಾಷೆಯಲ್ಲಿ 'ವೆರ' ಎಂದರೆ ದ್ರಾಕ್ಷಾರಸವೂ ಹೌದು, ಬೇಸಿಗೆಯೂ ಹೌದು. ಮೂಲೆಯಲ್ಲಿ ನಮ್ಮ ಬಚ್ಚಲಮನೆಯ ಹಂಡೆಯನ್ನೇ ನೆನಪಿಸುವ ತಾಮ್ರದ ಪಾತ್ರೆಯೊಂದು ಬೆಳಗಿ ಇಟ್ಟಿತ್ತು. ರಸ ಹಿಂಡಿ ಉಳಿದ ಸಿಪ್ಪೆಯಿಂದ ಕೆಲವೇ ವಾರಗಳಲ್ಲಿ ಅದರಲ್ಲಿ ರಾಕಿ ಎಂಬ ಮದ್ಯ ಇಳಿಸುತ್ತಾರೆ.

ಇನ್ನೂ ಬೇಕೇ ಎಂದು ಯಜಮಾನರು ಕೇಳಿದಾಗ ಬೇಡವೆಂದು ನಾನು ತಲೆಯನ್ನು ಅಡ್ಡಡ್ಡ ಆಡಿಸಿದೆ, ಅವರು ತುಂಬ ಸುರಿದರು. ಈ ನಾಡಿನ ಹಿರಿಯರಲ್ಲಿ ಹೌದು ಎನ್ನುವುದಕ್ಕೆ ತಲೆಯನ್ನು ಹಾಗೆಯೇ ಆಡಿಸುವ ರೂಢಿಯಿದೆ ಎಂದು ಅಕ್ಕ ಆಮೇಲೆ ಹೇಳಿದಳು.

ಕೊನೆಯ ಸಂಜೆ ಊರಿಗೆ ಊರೇ 'ಜಿರೊ' ಹೊರಟಿತ್ತು. ಹೊತ್ತು ಇಳಿದ ಮೇಲೆ ಮಕ್ಕಳು ಮುದುಕರೆನ್ನದೆ ಒಳ್ಳೆಯ ಬಟ್ಟೆ ತೊಟ್ಟು ಕಡಲ ದಂಡೆಯುದ್ದಕ್ಕೂ ನಡೆಯುವ ಪದ್ಧತಿ ಅದು. ಅಜ್ಜಿಯೂ ತೋಳಿಗೆ ತೋಳು ಕೊಟ್ಟು ಅಕ್ಕನ ಜೊತೆ ಬುರುಜಿನವರೆಗೆ ಬಂದರು. ಹಡಗು ಹತ್ತುವ ಮುಂಚೆ ಒಂದು ಪೊಟ್ಟಣವನ್ನು ನನ್ನ ಕೈಗಿಟ್ಟರು. ಬಾರಿಯ ದೀಪಗಳು ಇನ್ನೂ ಕಾಣದ ನಡುಗಡಲಿನಲ್ಲಿ ಅದನ್ನು ಬಿಚ್ಚಿದರೆ, ನಾಲ್ಕು ತುಂಡು ಬುರೆಕ್ ಮತ್ತು ಎಲೆಯಲ್ಲಿ ಸುತ್ತಿದ ಅಂಜೂರದ ಹಣ್ಣುಗಳು.