ಖತಿನ್: ಮನೆಗಳಿಲ್ಲದ ಊರಲ್ಲಿ ಮನೆಮನೆ ತಿರುಗುವುದು

ಬೆಲಾರೂಸ್‌ನ ಮಿನ್ಸ್ಕ್‌ನಿಂದ ವೀತೆಬ್ಸ್ಕ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 54 ಕಿಲೋಮೀಟರ್ ಹೋದಮೇಲೆ ಖತಿನ್‌ಗೆ, ಅಂದರೆ ಎರಡನೇ ಮಹಾಯುದ್ಧದಲ್ಲಿ ಜನರ ಸಮೇತ ಸುಟ್ಟುಹಾಕಿದ ಊರಿನ ಸ್ಮಾರಕಕ್ಕೆ, ತಿರುವು ಸಿಗುತ್ತದೆ. ಅಲ್ಲಿಂದ ಒಳಗೆ ಕೆಲವು ಕಿಲೋಮೀಟರ್ ಕಾಡಿನ ದಾರಿ. ವೀತೆಬ್ಸ್ಕ್‌ನಲ್ಲಿ ಮೆಡಿಕಲ್ ಓದುವ ನಮ್ಮ ದೇಶದ ಹುಡುಗ ಹುಡುಗಿಯರು ಈ ಹೆದ್ದಾರಿಯಲ್ಲೇ ಓಡಾಡುತ್ತಾರೆ. ಆದರೆ ಹೆದ್ದಾರಿ ಬಸ್ಸು ತಿರುವಿನಲ್ಲಿ ಇಳಿಸಿಬಿಟ್ಟರೆ ಒಳದಾರಿ ನಡೆಯಲೇಬೇಕು. ಟ್ಯಾಕ್ಸಿ ಅಥವಾ ಪ್ರವಾಸಿ ವ್ಯಾನ್ ಮಾಡಿಕೊಂಡು ಹೋಗುವುದು ವಾಸಿ. ಡಿಸೆಂಬರ್‌ನಲ್ಲಾದರೆ ದಿನಕ್ಕೆ ಬೆಳಕಿರುವುದೇ ಸುಮಾರು ಏಳೂವರೆ ತಾಸು, ಹಾಗಾಗಿ ಬೆಳಗ್ಗೆಯೇ ಹೊರಡಬೇಕು.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಬೇಕು. 1940ರಲ್ಲಿ ಪೋಲಿಷ್ ಅಧಿಕಾರಿಗಳನ್ನು ಕೊಂದ ಕತಿನ್ ಇರುವುದು ರಷ್ಯಾದ ಸ್ಮೊಲೆನ್ಸ್ಕ್ ಪ್ರಾಂತ್ಯದಲ್ಲಿ. ಇದು ಬೆಲಾರೂಸ್‌ನ ಲಹೊಯ್ಸ್ಕ್ ಜಿಲ್ಲೆಯ ಖತಿನ್. ಅಲ್ಪಪ್ರಾಣ ಮಹಾಪ್ರಾಣದಷ್ಟೇ ವ್ಯತ್ಯಾಸ, ಆದರೆ ಸತ್ತವರೂ ಬೇರೆ, ಕೊಂದವರೂ ಬೇರೆ. ಓದಿಕೊಂಡವರೂ ಇಲ್ಲಿ ತಪ್ಪುತ್ತಾರೆ.

ಇಲ್ಲಿದ್ದದ್ದು 26 ಮನೆಗಳ ಪುಟ್ಟ ಊರು. 1943ರ ಮಾರ್ಚ್ 22ರ ಬೆಳಗ್ಗೆ ಹತ್ತಿರದ ರಸ್ತೆಯಲ್ಲಿ ಪಾರ್ಟಿಸಾನ್‌ಗಳು, ಅಂದರೆ ಜರ್ಮನ್ ಆಕ್ರಮಣದ ವಿರುದ್ಧ ಹೋರಾಡುತ್ತಿದ್ದ ಗೆರಿಲ್ಲಾಗಳು, ಜರ್ಮನ್ ವಾಹನಗಳ ಮೇಲೆ ಗುಂಡು ಹಾರಿಸಿದರು. ಸತ್ತವರಲ್ಲಿ ಹಾನ್ಸ್ ವೋಲ್ಕೆ ಇದ್ದ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಗುಂಡು ಎಸೆತದ ಚಿನ್ನ ಗೆದ್ದವನು ಅವನು. ಅದೇ ದಿನ ಸೇನೆ ಖತಿನ್‌ಗೆ ನುಗ್ಗಿತು. ಊರವರನ್ನೆಲ್ಲ ಒಂದು ಕೊಟ್ಟಿಗೆಗೆ ಅಟ್ಟಿ, ಬಾಗಿಲು ಹಾಕಿ, ಬೆಂಕಿ ಇಟ್ಟರು. ಬಾಗಿಲು ಮುರಿದು ಹೊರಬಂದವರಿಗೆ ಮೆಷಿನ್ ಗನ್ ಕಾದಿತ್ತು. ಸತ್ತವರು 149 ಮಂದಿ, ಅವರಲ್ಲಿ 75 ಮಕ್ಕಳು.

ಇದನ್ನು ಮಾಡಿದವರು ಬರೀ ಜರ್ಮನ್ನರಲ್ಲ. ಡಿರ್ಲೆವಾಂಗರ್ ಎಂಬ ಅಧಿಕಾರಿಯ ಎಸ್‌ಎಸ್ (ನಾಜಿ ಪಕ್ಷದ ಸಶಸ್ತ್ರ ದಳ) ಪಡೆಯ ಜೊತೆಗಿದ್ದ 118ನೇ ಪೊಲೀಸ್ ಬೆಟಾಲಿಯನ್‌ನಲ್ಲಿ ಹೆಚ್ಚಿನವರು ಸೋವಿಯತ್ ನೆಲದವರೇ. ಅದರ ಮುಖ್ಯ ಸಿಬ್ಬಂದಿ ಅಧಿಕಾರಿ ಹ್ರಿಹೋರಿ ವಸ್ಯೂರಾನ ವಿಚಾರಣೆ ಮಿನ್ಸ್ಕ್‌ನಲ್ಲಿ ನಡೆದದ್ದು 1986ರಲ್ಲಿ, ಅದೂ ಹೆಚ್ಚು ಸದ್ದಿಲ್ಲದೆ. ಅವನಿಗೆ ಮರಣದಂಡನೆಯಾಯಿತು. ಸ್ಮಾರಕ ತೆರೆದು ಅಷ್ಟು ಹೊತ್ತಿಗೆ 17 ವರ್ಷ ಕಳೆದಿತ್ತು. ಆವರೆಗೆ ಅಲ್ಲಿ ನಿಂತವರಿಗೆ ಅರ್ಧ ಕಥೆಯಷ್ಟೇ ಸಿಗುತ್ತಿತ್ತು.

ಸ್ಮಾರಕ ತೆರೆದದ್ದು 1969ರ ಜುಲೈ 5ರಂದು. ವಾಸ್ತುಶಿಲ್ಪಿಗಳು ಯೂರಿ ಗ್ರಾದೊವ್, ವಲೆಂತಿನ್ ಝಾಂಕೊವಿಚ್, ಲಿಯೊನಿದ್ ಲೆವಿನ್. ಶಿಲ್ಪಿ ಸೆರ್ಗೇಯ್ ಸೆಲಿಖಾನೊವ್. ಬಂದವರ ಕಣ್ಣಿಗೆ ಮೊದಲು ಬೀಳುವುದು ಸತ್ತ ಮಗನನ್ನು ಕೈಯಲ್ಲಿ ಹೊತ್ತ ಮುದುಕನ ಆರು ಮೀಟರ್ ಎತ್ತರದ ಕಂಚಿನ ಪ್ರತಿಮೆ. ಕೊಟ್ಟಿಗೆಯಿಂದ ಬದುಕಿ ಬಂದ ಒಬ್ಬನೇ ವಯಸ್ಕ, ಊರಿನ ಕಮ್ಮಾರ ಯೂಜಿಫ್ ಕಮಿನ್ಸ್ಕಿಯ ಕಥೆ ಅದು. ಪ್ರಜ್ಞೆ ತಪ್ಪಿ ಬಿದ್ದಿದ್ದ ಅವನಿಗೆ ರಾತ್ರಿ ಎಚ್ಚರವಾದಾಗ ಹೆಣಗಳ ನಡುವೆ ಮಗ ಆದಾಮ್ ಸಿಕ್ಕಿದ. ಹೊಟ್ಟೆಗೆ ಗುಂಡು ಬಿದ್ದಿತ್ತು. ಹುಡುಗ ಅಪ್ಪನ ಕೈಯಲ್ಲೇ ಪ್ರಾಣ ಬಿಟ್ಟ.

ಅನೇಕರು ಈ ಪ್ರತಿಮೆಯ ಮುಂದೆ ಫೋಟೋ ತೆಗೆದು ಇಪ್ಪತ್ತು ನಿಮಿಷದಲ್ಲಿ ವಾಪಸ್ ಬಸ್ ಹತ್ತುತ್ತಾರೆ. ಹಾಗೆ ಮಾಡಿದರೆ ಊರನ್ನು ನೋಡಿದಂತೆಯೇ ಅಲ್ಲ. ಪ್ರತಿಮೆಯ ಬಳಿ, ಕೊಟ್ಟಿಗೆಯಿದ್ದ ಜಾಗದಲ್ಲಿ ಕುಸಿದ ಛಾವಣಿಯ ಆಕಾರದಲ್ಲಿ ಕಪ್ಪು ಕಲ್ಲಿನ ಚಪ್ಪಡಿಗಳಿವೆ. ಅಲ್ಲಿಂದ ಹಳೆಯ ಬೀದಿಗೆ ಇಳಿಯಬೇಕು. ಕಾಲಡಿ ಬೂದು ಕಾಂಕ್ರೀಟಿನ ಹಾಸು. ಹಿಮ ಬಿದ್ದಾಗ ಜಾರುತ್ತದೆ, ಒರಟು ಅಟ್ಟೆಯ ಬೂಟು ಬೇಕು. ಎರಡೂ ಬದಿಗೆ ಪ್ರತಿ ಮನೆಯ ಜಾಗದಲ್ಲಿ ದಿಮ್ಮಿಗೋಡೆಯ ಮೊದಲ ಸಾಲು ಮಾತ್ರ, ಅದೂ ಕಾಂಕ್ರೀಟಿನಲ್ಲಿ. ಅದರ ನಡುವೆ ಚಿಮಣಿಯಂಥ ಸ್ತಂಭ. ಚಿಮಣಿಯೇ ಏಕೆ ಅಂದರೆ, ಈ ಕಡೆಯ ಹಳ್ಳಿಮನೆಗಳು ಪೂರ್ತಿ ಮರದವು. ಬೆಂಕಿ ಬಿದ್ದರೆ ಉಳಿಯುವುದು ಇಟ್ಟಿಗೆಯ ಒಲೆ ಮತ್ತು ಅದರ ಹೊಗೆಗೂಡು ಮಾತ್ರ. ರೊಟ್ಟಿ ಬೇಯಿಸುತ್ತಿದ್ದದ್ದು, ಮನೆ ಬೆಚ್ಚಗಿಡುತ್ತಿದ್ದದ್ದು, ಚಳಿಗಾಲದಲ್ಲಿ ಮೇಲೇರಿ ಮಲಗುತ್ತಿದ್ದದ್ದು ಎಲ್ಲ ಆ ಒಲೆಯೇ.

ಒಂದೊಂದು ಚಿಮಣಿಯ ಮೇಲೂ ಆ ಮನೆಯವರ ಹೆಸರಿನ ಫಲಕ. ಸಿರಿಲಿಕ್ ಅಕ್ಷರ ಒಂದಿಷ್ಟು ಕಲಿತು ಹೋದರೆ ಓದಬಹುದು. ಹಿಮ ಮೆತ್ತಿದ್ದರೆ ಕೈಗವಸಿನಿಂದ ಒರೆಸಬೇಕಾಗುತ್ತದೆ. ಬರನೊವ್ಸ್ಕಿ ದಂಪತಿಯ ಜೊತೆ ಕೊಟ್ಟಿಗೆಗೆ ಹೋದ ಮಕ್ಕಳು ಒಂಬತ್ತು. ಅವರಲ್ಲಿ ಅಂತೋನ್ ಎಂಬ ಹನ್ನೆರಡರ ಹುಡುಗ ಕಾಲಿಗೆ ಗುಂಡು ತಾಗಿ, ಸತ್ತವನಂತೆ ಬಿದ್ದಿದ್ದು ಉಳಿದುಕೊಂಡ. ವೇರಾ ಯಾಸ್ಕೆವಿಚ್‌ಳ ಮಗು ತೋಲಿಕ್‌ಗೆ ಏಳು ವಾರ.

ಚಿಮಣಿಗಳ ತುದಿಯಲ್ಲಿ ಗಂಟೆಗಳಿವೆ. 30 ಸೆಕೆಂಡಿಗೊಮ್ಮೆ 26ಕ್ಕೆ 26 ಒಟ್ಟಿಗೆ ಬಾರಿಸುತ್ತವೆ. ಮೊದಲ ಹತ್ತು ನಿಮಿಷ ಬೆಚ್ಚಿಬೀಳುತ್ತೀರಿ. ಆಮೇಲೆ ಒಂದು ಫಲಕ ಓದಿ ಮುಗಿಸುವಷ್ಟರಲ್ಲಿ ಗಂಟೆ ಬರುತ್ತದೆಂದು ಕಿವಿ ಮೊದಲೇ ಕಾಯುತ್ತಿರುತ್ತದೆ. ಗೈಡ್‌ಗಳು ಈ ಎರಡು ಸದ್ದಿನ ನಡುವಿನ ಬಿಡುವಲ್ಲೇ ಮಾತು ಮುಗಿಸುವುದನ್ನು ರೂಢಿ ಮಾಡಿಕೊಂಡಿರುತ್ತಾರೆ.

ಬೀದಿ ಮುಗಿದಮೇಲೂ ಹೊರಡಬೇಡಿ. ಮೂರು ಬರ್ಚ್ ಮರ ಮತ್ತು ನಾಲ್ಕನೆಯದರ ಜಾಗದಲ್ಲಿ ಉರಿಯುವ ಜ್ವಾಲೆ ಇದೆ. ಯುದ್ಧದಲ್ಲಿ ಬೆಲಾರೂಸಿನ ನಾಲ್ವರಲ್ಲಿ ಒಬ್ಬ ಸತ್ತನೆಂಬ ಆಗಿನ ಲೆಕ್ಕ ಅದು. ಲೋಹದ ಮರಗಳ ಕೊಂಬೆಗಳಲ್ಲಿ, ಸುಟ್ಟುಹೋಗಿ ಮತ್ತೆ ಕಟ್ಟಿಕೊಂಡ 433 ಊರುಗಳ ಹೆಸರು. ನನ್ನ ಮಟ್ಟಿಗೆ ಇಡೀ ಜಾಗದಲ್ಲಿ ಎಲ್ಲಕ್ಕಿಂತ ಭಾರವಾದದ್ದು ಹಳ್ಳಿಗಳ ಸ್ಮಶಾನ. ಜನರಿಗಲ್ಲ, ಊರುಗಳಿಗೆ ಕಟ್ಟಿದ ಸಮಾಧಿಗಳು, 185. ಪ್ರತಿಯೊಂದರಲ್ಲೂ ಊರಿನ ಹೆಸರು, ಜಿಲ್ಲೆಯ ಹೆಸರು, ಆ ಊರಿನಿಂದಲೇ ತಂದ ಮಣ್ಣು ತುಂಬಿದ ಕಲಶ. ಮತ್ತೆ ತಲೆ ಎತ್ತದ ಊರುಗಳು ಇವು. ಸಾಲು ಹಿಡಿದು ನಡೆದರೂ ಅರ್ಧ ಗಂಟೆ ಬೇಕು. ಒಟ್ಟಾರೆ ಎರಡು ಗಂಟೆಗಿಂತ ಕಡಿಮೆ ಇಟ್ಟುಕೊಂಡು ಬಂದರೆ ಇಲ್ಲಿಗೇ ಸಮಯ ಸಾಲುವುದಿಲ್ಲ. 2023ರಲ್ಲಿ, ಆ ದಿನಕ್ಕೆ 80 ವರ್ಷ ತುಂಬಿದಾಗ, ಹೊಸ ಮ್ಯೂಸಿಯಂ ಮತ್ತು ಒಂದು ಚರ್ಚ್ ಸೇರಿಕೊಂಡಿವೆ. ಅವನ್ನು ಕೊನೆಗೆ ಇಟ್ಟುಕೊಳ್ಳಿ.

ಇಂಥ ಊರುಗಳು ಒಟ್ಟು 186 ಎಂದು ಓದಿಕೊಂಡು ಬಂದವರು ಸ್ಮಶಾನದಲ್ಲಿ ಎಣಿಸಿ, ಒಂದು ಕಡಿಮೆ ಬಂತಲ್ಲ ಎಂದು ಮತ್ತೆ ಮೊದಲಿನಿಂದ ಎಣಿಸುತ್ತಾರೆ. ಲೆಕ್ಕ ತಪ್ಪಿಲ್ಲ. 186ನೆಯದು ಆಗಲೇ ನಡೆದು ಬಂದ ಬೀದಿ.