ಸೇತುವೆ ಕೆಳಗೆ ತಂಬುಳಿ

ಜೂನ್ 16, 2024, ಭಾನುವಾರ
ಸಯನ್, ಮುಂಬಯಿ

ದೊಡ್ಡಮ್ಮ ಮಧ್ಯಾಹ್ನದಿಂದ ಮಾತು ಬಿಟ್ಟಿದ್ದರು. ಊಟಕ್ಕೆ ಕರೆದರೆ ಹಸಿವಿಲ್ಲ ಅಂದರು. ತಪ್ಪು ನನ್ನದು. ಹೇಳಬೇಕಾದ ಮಾತೇ, ಆದರೆ ಅಷ್ಟು ಜನರ ಎದುರು ಹೇಳಬಾರದಿತ್ತು.

ಬೆಳಿಗ್ಗೆ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ, ಫ್ಲೈಓವರ್ ಸೇತುವೆ ಕೆಳಗಿನ ಜಾಗದಲ್ಲಿ ತೋಟ ಮಾಡುವ ಮೀಟಿಂಗ್ ಇತ್ತು. ಒಡೆದ ಟೈಲ್ಸು, ಹಳೇ ಕಮೋಡು, ಗಾಲಿಯಿಲ್ಲದ ಟೆಂಪೊ ಎಲ್ಲ ಇದ್ದ ಆ ಮುಮ್ಮೂಲೆ ಜಾಗ. ಡೆಬ್ರಿಸ್ ಎತ್ತಿಸುವುದರಲ್ಲೇ ಬೇಸಿಗೆ ಕಳೆಯಿತು. ಇನ್ನು ನೆಡುವುದು ಏನನ್ನು ಎಂಬುದು ಪ್ರಶ್ನೆ. ಮಾಟುಂಗದ ಫ್ಲೈಓವರ್ ಕೆಳಗಿನ ನಾನಾಲಾಲ್ ಮೆಹತಾ ಉದ್ಯಾನ ನೋಡಿ ಬಂದಾಗಿನಿಂದ ಎಲ್ಲರಿಗೂ ಒಂದು ಥೀಮ್ ಬೇಕು. 2016ರಲ್ಲಿ ತೆರೆದ ಆ ತೋಟದಲ್ಲಿ ನಡೆಯುವ ಹಾದಿಯನ್ನೇ ನರ್ಮದೆ ಹರಿದ ಹಾಗೆ ತಿರುಗಿಸಿದ್ದಾರೆ. ಮೇಲೆ ಬಸ್ಸು, ಲಾರಿ. ಕೆಳಗೆ ಸೀರೆಗೆ ಬೂಟು ತೊಟ್ಟ ಅಜ್ಜಿಯಂದಿರ ನರ್ಮದಾ ಪರಿಕ್ರಮ. ನನಗೆ ಆ ತೋಟ ತುಂಬಾ ಇಷ್ಟ.

ಎರಡನೇ ಮಾಳಿಗೆಯ ಕಾಕಾ ನಕ್ಷತ್ರವನ ಮಾಡೋಣ ಅಂದರು. ಇಪ್ಪತ್ತೇಳು ನಕ್ಷತ್ರಕ್ಕೆ ಇಪ್ಪತ್ತೇಳು ಮರ. ಕೃತ್ತಿಕೆಗೆ ಅತ್ತಿ, ಪುಷ್ಯಕ್ಕೆ ಅಶ್ವತ್ಥ, ಮಘೆಗೆ ಆಲ. ಬರುವ ಶುಕ್ರವಾರ ವಟಪೂರ್ಣಿಮೆ ಬೇರೆ, ಹೆಂಗಸರಿಗೆ ನೂಲು ಸುತ್ತಲು ಹತ್ತಿರದಲ್ಲೊಂದು ಆಲವಿಲ್ಲ ಎಂಬುದು ಅವರ ವಾದ. ನಿಜವೇ. ಆದರೆ ತಲೆಯ ಮೇಲೆ ಕಾಂಕ್ರೀಟು ಇರುವಲ್ಲಿ ಆಲ ಎಲ್ಲಿಗೆ ಬೆಳೆಯಬೇಕು? ಬೇರು ಮೊದಲು ಕಂಬದ ಬುಡಕ್ಕೇ ಹೋಗುತ್ತದೆ. ಮಕ್ಕಳಿಗೆ ಚಿಟ್ಟೆ ತೋಟ ಬೇಕು. ನಮ್ಮ ಮಹಾರಾಷ್ಟ್ರದ ರಾಜ್ಯ ಚಿಟ್ಟೆ ಬ್ಲೂ ಮಾರ್ಮನ್ ಮೊಟ್ಟೆಯಿಡುವುದು ನಿಂಬೆ ಜಾತಿಯ ಗಿಡಗಳ ಮೇಲೆ. ಆದರೆ ಹೂವಿಗೂ ಚಿಟ್ಟೆಗೂ ಬಿಸಿಲು ಬೇಕು, ನಮ್ಮಲ್ಲಿ ಬಿಸಿಲು ಬರುವುದು ಪೂರ್ವದ ಅಂಚಿಗೆ ಮಾತ್ರ.

ಆಗ ದೊಡ್ಡಮ್ಮ ಎದ್ದು ನಿಂತರು. ಇಷ್ಟು ವರ್ಷದಲ್ಲಿ ಸೊಸೈಟಿ ಮೀಟಿಂಗಿನಲ್ಲಿ ಒಂದು ದಿನವೂ ಬಾಯಿ ತೆರೆಯದವರು. ಮರಾಠಿ, ತುಳು ಎರಡೂ ಬೆರೆಸಿ ಹೇಳಿದರು: ತಂಬುಳಿ ತೋಟ ಮಾಡಿ. ತಿಮರೆ (ಒಂದೆಲಗ), ಸಾಂಬ್ರಾಣಿ (ದೊಡ್ಡಪತ್ರೆ), ನೆಲನೆಲ್ಲಿ, ಕೇಪಳ, ಒಂದು ಪೇರಳೆ. ಯಾರ ಮನೆಯಲ್ಲಿ ಹೊಟ್ಟೆ ಕೆಟ್ಟರೂ, ಬಾಯಿಹುಣ್ಣಾದರೂ ಬಂದು ನಾಲ್ಕು ಎಲೆ ಕೊಯ್ದುಕೊಂಡು ಹೋಗಲಿ. ತಿಮರೆಗೆ ನೆರಳು ಸಾಕು, ಆ ಪೈಪಿನ ನೀರು ಬೀಳುವಲ್ಲಿ ಹಾಕಿದರೆ ಮಳೆಗಾಲವಿಡೀ ಹಬ್ಬುತ್ತದೆ.

ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು, "ಅಲ್ಲಿ ಬೆಳೆದ ಸೊಪ್ಪು ತಿನ್ನಬಾರದು" ಅಂದೆ.

ಆ ಪೈಪಿನ ನೀರು ಬರುವುದು ಸೇತುವೆಯ ಮೇಲಿನ ರಸ್ತೆಯನ್ನು ತೊಳೆದುಕೊಂಡು. ಟೈರಿನ ಪುಡಿ, ಎಣ್ಣೆ, ಬ್ರೇಕಿನ ಧೂಳು ಎಲ್ಲ ಅದರಲ್ಲಿ. ತಿಮರೆಗೆ ಎಲ್ಲಕ್ಕಿಂತ ಒಗ್ಗುವ ಮೂಲೆಯೇ ಎಲ್ಲಕ್ಕಿಂತ ಕೊಳಕು ಮೂಲೆ. ಮಣ್ಣಿನದ್ದು ಇನ್ನೊಂದು ಕಥೆ. ಸೀಸ ಬೆರೆತ ಪೆಟ್ರೋಲು ದೇಶದಲ್ಲಿ ನಿಂತದ್ದು 2000ದಲ್ಲಿ. ಅಲ್ಲಿವರೆಗೆ ಹೊಗೆಯಲ್ಲಿ ಬಂದು ಬಿದ್ದ ಸೀಸ ರಸ್ತೆ ಬದಿಯ ಮೇಲ್ಮಣ್ಣಿನಲ್ಲಿ ಹಾಗೇ ಕೂತಿರುತ್ತದೆ. ಅದು ಎಲೆಯ ಹಾಗೆ ಕೊಳೆತು ಹೋಗುವಂಥದ್ದಲ್ಲ. ಕಾಯಿ ಹಣ್ಣಿಗಿಂತ ಸೊಪ್ಪಿಗೆ, ಗೆಡ್ಡೆಗೆ ಅದರ ಕಾಟ ಹೆಚ್ಚು; ದೊಡ್ಡವರಿಗಿಂತ ಸಣ್ಣ ಮಕ್ಕಳಿಗೆ ಅಪಾಯ ಹೆಚ್ಚು. ಇಷ್ಟನ್ನೂ ಹೇಳಿ ಕೂತೆ. ದೊಡ್ಡಮ್ಮ ನನ್ನ ಕಡೆ ನೋಡಲಿಲ್ಲ.

ಸಂಜೆ ಅವರ ಕೋಣೆಗೆ ಹೋದೆ. ಬಂದ ಮಳೆ ವಾರದಲ್ಲೇ ಮುನಿಸಿಕೊಂಡಿದೆ, ಸೆಕೆಯೋ ಸೆಕೆ. ಫ್ಯಾನಿನ ಕೆಳಗೆ ನೆಲದಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು.

"ರೈಲು ಪಟರಿ ಬದಿಯ ಪಾಲಕ್ ಎಷ್ಟು ವರ್ಷ ತಿಂದೆವು ಮಗಾ? ಗಟಾರದ ನೀರು ಹಾಕಿ ಬೆಳೆಸಿದ್ದು. ಆಗ ನೀನು ಎಂತ ಹೇಳಲಿಲ್ಲ."

"ಆಗ ಗೊತ್ತಿರಲಿಲ್ಲ ದೊಡ್ಡಮ್ಮ."

"ಈಗ ಗೊತ್ತುಂಟಲ್ಲ, ತಿನ್ನುದು ಬಿಟ್ಟಿದ್ದೀಯಾ?"

ಬಿಟ್ಟಿಲ್ಲ. ಮಾರ್ಕೆಟ್ಟಿನ ಸೊಪ್ಪಿನ ಕಟ್ಟಿಗೆ ಊರು ಯಾವುದು ಅಂತ ಕೇಳುವ ಅಭ್ಯಾಸ ನನಗೂ ಇಲ್ಲ. ಸುಮ್ಮನೆ ಕೂತೆ. ಎರಡು ಬತ್ತಿ ಹೊಸೆದಾದ ಮೇಲೆ ಅವರೇ ಕೇಳಿದರು:

"ಹುಳಕ್ಕೆ ಆಗ್ತದಾ ಆ ಎಲೆ? ಮಕ್ಕಳು ಚಿಟ್ಟೆ ಚಿಟ್ಟೆ ಅಂತಿದ್ದವಲ್ಲ. ಹುಳ ತಿಂದೇ ಅಲ್ವಾ ಚಿಟ್ಟೆ ಆಗುದು?"

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಬೆಳಿಗ್ಗೆ ಅಷ್ಟೆಲ್ಲ ಹೇಳಿದವಳಿಗೆ ಇದೊಂದು ಹೊಳೆದಿರಲೇ ಇಲ್ಲ.

ಮತ್ತೆ ತಗ್ಗಿದ ದನಿಯಲ್ಲಿ ಅಂದರು, "ಕಾರ್ಕಳದ ಜಾಗ ಕೊಟ್ಟ ಮೇಲೆ ನನ್ನ ಕೈಯಾರೆ ಒಂದು ಎಲೆ ಕೊಯ್ಯಲಿಲ್ಲ. ನೋಡಲಿಕ್ಕೆ ಮಾತ್ರ ಅಂತಾದರೆ ನಂಗೆ ಕ್ಯಾಲೆಂಡರ್ ಉಂಟು."

ಆಮೇಲಿಂದ ಇದೇ ಯೋಚನೆ. ನಮ್ಮ ಪಕ್ಕದ ನೇಚರ್ ಪಾರ್ಕ್ ಇದೆಯಲ್ಲ, ಮಿಠಿ ನದಿಯ ದಂಡೆಯಲ್ಲಿ 37 ಎಕರೆ, ಅದು ಒಂದು ಕಾಲದಲ್ಲಿ ಊರಿನ ಕಸ ಸುರಿಯುತ್ತಿದ್ದ ಗುಡ್ಡೆ. ಅಲ್ಲಿ ಕಾಡೇ ಎದ್ದಿದೆ. ಆದರೆ ಕಾಡು ಬೆಳೆಸುವುದು ಬೇರೆ, ಎಲೆ ಅರೆದು ಮಜ್ಜಿಗೆಗೆ ಹಾಕುವುದು ಬೇರೆ. ಪೂರ್ವದ ಅಂಚಿನಲ್ಲಿ, ಪೈಪಿನಿಂದ ದೂರ, ಮಂಡಿಯೆತ್ತರ ಇಟ್ಟಿಗೆ ಕಟ್ಟಿ, ತಳಕ್ಕೆ ದಪ್ಪ ಶೀಟು ಹಾಸಿ, ಹೊರಗಿನ ಮಣ್ಣು ತುಂಬಿಸಿ, ಸೊಸೈಟಿ ನಲ್ಲಿಯ ನೀರು ಕೊಟ್ಟರೆ? ಮಣ್ಣಿನ ಚಿಂತೆ ಅಷ್ಟಕ್ಕೆ ಕಳೆಯುತ್ತದೆ. ಗಾಳಿಯ ಧೂಳು ಉಳಿಯುತ್ತದೆ. ರಸ್ತೆಯ ಕಡೆ ದಾಸವಾಳದ ದಟ್ಟ ಬೇಲಿ ಹಾಕಿದರೆ ಸ್ವಲ್ಪ ತಡೆದೀತು, ಉಳಿದದ್ದನ್ನು ಮೂರು ನೀರಲ್ಲಿ ತೊಳೆಯಬೇಕು. ಮೊದಲು ಮಣ್ಣನ್ನು ಲ್ಯಾಬಿಗೆ ಕೊಡಬೇಕು, ಅದು ನಾಳೆಯೇ. ನಲ್ಲಿ ನೀರಿಗೆ ಕಮಿಟಿ ಒಪ್ಪುತ್ತದೋ ಇಲ್ಲವೋ.

ರಾತ್ರಿ ಅಡುಗೆಮನೆಯ ದೀಪ ಆರಿಸಲು ಹೋದಾಗ ಕಿಟಕಿಯಲ್ಲಿ ಹಾರ್ಲಿಕ್ಸ್ ಬಾಟಲಿ, ಅದರ ನೀರಿನಲ್ಲಿ ಸಾಂಬ್ರಾಣಿಯ ಐದು ಕಡ್ಡಿ. ಯಾರ ಮನೆಯಿಂದ ಯಾವಾಗ ತಂದರೋ. ಗ್ರಿಲ್ಲಿನಲ್ಲಿ ಜಾಗ ಇರುವುದು ಒಂದು ಕುಂಡಕ್ಕೆ, ಕುಂಡಕ್ಕೆ ಒಂದೇ ಕಡ್ಡಿ ಸಾಕು. ಉಳಿದ ನಾಲ್ಕು…