ಬಲಗೈ ಅಂದರೆ ಯಾರ ಬಲಗೈ?

ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವುದು ನನ್ನ ಕೆಲಸ. 11 ವರ್ಷ ಆಯ್ತು. ಶಿವಮೊಗ್ಗದಲ್ಲಿ ಓದು ಮುಗಿಸಿ ಸೇರಿದ ಹೊಸತರಲ್ಲಿ, ನನ್ನ ಎರಡನೇ ಮಳೆಗಾಲದಲ್ಲಿ, ಒಂದು ತಪ್ಪು ಮಾಡಿದ್ದೆ. ಈ ಕೆಲಸಕ್ಕೆ ಈಗ ಬರುತ್ತಿರುವ ಹುಡುಗ ಹುಡುಗಿಯರಿಗೆ ಅದು ಗೊತ್ತಿರಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಪುನರ್ವಸು ಮಳೆ. ಮೂರು ದಿನದಿಂದ ಬಿಟ್ಟಿರಲಿಲ್ಲ. ಮಧ್ಯಾಹ್ನ ಜೀಪಿನಲ್ಲಿ ಒಬ್ಬರನ್ನು ಕರೆತಂದರು. ಐವತ್ತರ ಆಸುಪಾಸಿನ ಕೊನೆಗೌಡರು, ಅಂದರೆ ಅಡಿಕೆ ಮರ ಹತ್ತಿ ಕೊನೆ ಇಳಿಸುವವರು. ಮಳೆ ಸ್ವಲ್ಪ ಹೊಳವಾದಾಗ ಕೊಳೆ ರೋಗಕ್ಕೆ ಔಷಧಿ ಹೊಡೆಯಲು ಅಡಿಕೆ ಮರ ಹತ್ತಿದ್ದರಂತೆ. ಎದೆ ಬಿಗಿದ ಹಾಗಾಗಿ ಹೇಗೋ ಇಳಿದರಂತೆ. ಬಟ್ಟೆಯೆಲ್ಲ ತೊಪ್ಪೆಯಾಗಿತ್ತು. ಹಲ್ಲು ಕಟಕಟ ಅನ್ನುತ್ತಿತ್ತು. ಅಂಗೈ ಗೆರೆಗಳಲ್ಲಿ ಮೈಲುತುತ್ತದ ನೀಲಿ ಹಾಗೇ ಕೂತಿತ್ತು.

ಸಾಮಾನ್ಯವಾಗಿ ನಾನು ರೋಗಿಯ ಬಲಗಡೆ ನಿಂತು ಕೆಲಸ ಮಾಡುತ್ತೇನೆ. ಅವತ್ತು ಮಾಡು ಸೋರುತ್ತಿತ್ತು ಅಂತ ಮಂಚವನ್ನು ಗೋಡೆಗೆ ಎಳೆದಿದ್ದರು. ಕಾಲ ಬುಡದಲ್ಲಿ, ಅವರ ಮುಖಕ್ಕೆ ಎದುರಾಗಿ ನಿಂತು ಕ್ಲಿಪ್ ಹಾಕಿದೆ. ಬಲಗೈಗೆ ಕೆಂಪು, ಎಡಗೈಗೆ ಹಳದಿ, ಎಡಗಾಲಿಗೆ ಹಸಿರು, ಬಲಗಾಲಿಗೆ ಕಪ್ಪು. ಬಾಯಿಪಾಠ ಸರಿಯಾಗೇ ಇತ್ತು. ಆದರೆ ನನ್ನ ಬಲಕ್ಕೆ ಕಂಡ ಕೈಗೆ ಕೆಂಪು ಹಾಕಿದ್ದೆ. ಅದು ಅವರ ಎಡಗೈ.

ಕಾಗದ ಹೊರಗೆ ಬಂತು. ಮೊದಲನೇ ಲೀಡ್, ಅಂದರೆ ಎರಡು ಕೈಗಳ ನಡುವಿನ ವಿದ್ಯುತ್ತನ್ನು ತೋರಿಸುವ ಗೆರೆ, ಪೂರ್ತಿ ತಲೆಕೆಳಗು. ಡ್ಯೂಟಿ ಡಾಕ್ಟರ್ ನೋಡಿದರು. ಏನೂ ಮಾತಾಡದೆ ಸ್ಟೆತಾಸ್ಕೋಪನ್ನು ಎದೆಯ ಎಡಕ್ಕೆ ಇಟ್ಟು ಕೇಳಿದರು, ಆಮೇಲೆ ಬಲಕ್ಕೆ. "ಹೃದಯ ಎಡಗಡೆಯೇ ಇದೆಯಲ್ಲಮ್ಮಾ, ನಿನ್ನ ಕಾಗದ ಬಲಗಡೆ ಇದೆ ಅಂತಿದೆ. ತಂತಿ ನೋಡು" ಅಂದರು.

ಕೆಲವರಿಗೆ ಹುಟ್ಟಿನಿಂದಲೇ ಹೃದಯ ಬಲಗಡೆ ಇರುತ್ತದೆ. ಬಹಳ ಅಪರೂಪ. ಅಂಥವರಿಗೂ ಮೊದಲನೇ ಲೀಡ್ ಹೀಗೇ ತಲೆಕೆಳಗಾಗಿ ಬರುತ್ತದೆ. ವ್ಯತ್ಯಾಸ ತಿಳಿಯುವುದು ಎದೆಯ ಮೇಲಿನ ಆರು ಲೀಡ್‌ಗಳಲ್ಲಿ, ವಿ1ರಿಂದ ವಿ6ರವರೆಗೆ. ಹೃದಯ ಎಡಕ್ಕಿದ್ದರೆ ವಿ1ರಿಂದ ಎಡಕ್ಕೆ ಹೋದ ಹಾಗೆ ಮೇಲ್ಮುಖದ ಗೆರೆ ಬೆಳೆಯುತ್ತಾ ಹೋಗಬೇಕು. ಬಲಕ್ಕಿದ್ದರೆ ಕುಗ್ಗುತ್ತಾ ಹೋಗುತ್ತದೆ. ಇವರಿಗೆ ಚೆನ್ನಾಗಿ ಬೆಳೆದಿತ್ತು. ಅಂದರೆ ಎದೆಯ ತಂತಿ ಸರಿ, ಕೈಯದ್ದು ಅದಲುಬದಲು.

ಕ್ಲಿಪ್ ಬದಲಿಸಿ ಮತ್ತೆ ತೆಗೆದೆ. ಈಗ ಮೊದಲನೇ ಲೀಡ್ ಮತ್ತು ಎಡಗೈ ಕಡೆಯಿಂದ ನೋಡುವ ಎವಿಎಲ್‌ನಲ್ಲಿ, ಬಡಿತದ ಚೂಪು ಗೆರೆಯ ನಂತರ ಸಮತಟ್ಟಾಗಿರಬೇಕಾದ ಭಾಗ ಮೇಲಕ್ಕೆ ಎದ್ದಿತ್ತು. ಎಡಗೋಡೆಯ ಮೇಲ್ಭಾಗದಲ್ಲಿ ಹೃದಯಾಘಾತ. ಮೊದಲ ಕಾಗದದಲ್ಲಿ ಅದೇ ಏರಿಕೆ ಒಂದು ಕಡೆ ಇಳಿಕೆಯಾಗಿ ಕಾಣುತ್ತಿತ್ತು, ಇನ್ನೊಂದು ಕಡೆ ಎವಿಎಲ್ ಬಿಟ್ಟು ಬಲಗೈ ಕಡೆಯಿಂದ ನೋಡುವ ಎವಿಆರ್‌ನಲ್ಲಿ ಕೂತಿತ್ತು. ಯಂತ್ರ ಎರಡನ್ನೂ ಅಷ್ಟೇ ಅಚ್ಚುಕಟ್ಟಾಗಿ ಬರೆದಿತ್ತು. ಅದಕ್ಕೆ ಕೈ ಯಾವುದು ಅಂತ ಗೊತ್ತಿಲ್ಲ. ಗೊತ್ತಿರಬೇಕಾದವಳು ನಾನು.

ಇದು ಯಾಕೆ ಹೀಗೆ ಅಂತ ಹೇಳುತ್ತೇನೆ. ಹೃದಯದ ಬಲ ಮೇಲಿನ ಕೋಣೆಯ ಗೋಡೆಯಲ್ಲಿ, ದೊಡ್ಡ ರಕ್ತನಾಳ ಒಳಗೆ ಬರುವ ಜಾಗದ ಹತ್ತಿರ, ಒಂದು ಸಣ್ಣ ಗಂಟು ಇದೆ. ಪ್ರತಿ ಬಡಿತಕ್ಕೂ ವಿದ್ಯುತ್ ಹುಟ್ಟುವುದು ಅಲ್ಲಿ. ಅದು ಎರಡೂ ಮೇಲಿನ ಕೋಣೆಗಳಿಗೆ ಹರಡಿ, ನಡುವಿನ ಇನ್ನೊಂದು ಗಂಟಿನಲ್ಲಿ ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ ತಡೆಯುತ್ತದೆ. ಮೇಲಿನ ಕೋಣೆಯ ರಕ್ತ ಪೂರ್ತಿ ಕೆಳಗಿಳಿಯಲಿ ಅಂತ ಆ ತಡ. ಎಷ್ಟು ಸಣ್ಣ ಹೊತ್ತು ಅಲ್ವಾ? ಅದು ಇಲ್ಲದಿದ್ದರೆ ಮೇಲಿನ ಕೋಣೆ, ಕೆಳಗಿನ ಕೋಣೆ ಒಟ್ಟಿಗೇ ಹಿಂಡಿಕೊಳ್ಳುತ್ತಿದ್ದವು. ಆಮೇಲೆ ವಿದ್ಯುತ್ ಕೆಳಗಿನ ಕೋಣೆಗಳಿಗೆ ಓಡುತ್ತದೆ. ಎಡ ಕೆಳಗಿನ ಕೋಣೆಯ ಗೋಡೆ ತುಂಬಾ ದಪ್ಪ, ಇಡೀ ಮೈಗೆ ರಕ್ತ ದಬ್ಬುವುದು ಅದೇ. ಹಾಗಾಗಿ ಒಟ್ಟು ಹರಿವು ಬಲ ಮೇಲಿನಿಂದ ಎಡ ಕೆಳಕ್ಕೆ ವಾಲುತ್ತದೆ.

ಇಸಿಜಿಯ 12 ಲೀಡ್ ಅಂದರೆ ಈ ಹರಿವನ್ನು 12 ಕಡೆಯಿಂದ ನೋಡುವುದು. ಕೊಡಚಾದ್ರಿ ನಗರದ ಕಡೆಯಿಂದ ಒಂದು ಥರ, ಕೊಲ್ಲೂರಿನ ಕಡೆಯಿಂದ ಇನ್ನೊಂದು ಥರ ಕಾಣುತ್ತದೆ. ಬೆಟ್ಟ ಬದಲಾಗಿಲ್ಲ. ಎಲ್ಲಿಂದ ನೋಡಿದೆ ಅಂತ ತಪ್ಪು ಹೇಳಿದರೆ ಕೇಳಿದವರು ದಾರಿ ತಪ್ಪುತ್ತಾರೆ.

ಕಾಲಿನ ಎರಡು ತಂತಿ ಅದಲುಬದಲಾದರೆ ಚಿತ್ರ ಹೆಚ್ಚುಕಡಿಮೆ ಹಾಗೇ ಬರುತ್ತದೆ. ಆದರೆ ಬಲಗೈ ಮತ್ತು ಬಲಗಾಲಿನದು ಬದಲಾದರೆ ಎರಡನೇ ಲೀಡ್ ಗೆರೆಯಾಗಿ ಮಲಗಿಬಿಡುತ್ತದೆ. ನೋಡಿದವರಿಗೆ ಎದೆ ಧಸಕ್ ಅನ್ನುತ್ತದೆ. ಕಪ್ಪು ತಂತಿ ಚಿತ್ರ ಬರೆಯುವುದಿಲ್ಲ, ಗದ್ದಲ ತಗ್ಗಿಸುವುದಕ್ಕೆ ಇರುವುದು. ಇಸಿಜಿಗೆ 1924ರಲ್ಲಿ ನೊಬೆಲ್ ಪಡೆದ ಡಚ್ ವಿಜ್ಞಾನಿ ಐಂಥೋವನ್ ಅವರ ಕಾಲದಲ್ಲಿ ಎರಡು ಕೈ ಮತ್ತು ಎಡಗಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಟ್ಟು ಕೂರಿಸುತ್ತಿದ್ದರು. ಆ ಫೋಟೋ ನೋಡಿದಾಗಲೆಲ್ಲ ನಮ್ಮ ಕ್ಲಿಪ್ಪಿನ ಮೇಲೆ ಗೌರವ ಹುಟ್ಟುತ್ತದೆ.

ಆ ಕೊನೆಗೌಡರಿಗೆ ಅವತ್ತು ಏನಾಗಿತ್ತು ಅನ್ನುವುದನ್ನು ಡಾಕ್ಟರ್ ಆಮೇಲೆ ನನಗೆ ಕೂರಿಸಿಕೊಂಡು ಹೇಳಿದರು. ಹೃದಯ ಕೂತಲ್ಲೇ ಕೂತಿದ್ದರೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ದಬ್ಬುತ್ತದೆ. ಆದರೆ ತನ್ನ ಕೋಣೆಯೊಳಗೆ ತುಂಬಿರುವ ರಕ್ತದಿಂದ ಅದರ ದಪ್ಪ ಗೋಡೆಗೆ ಊಟ ಸಿಗುವುದಿಲ್ಲ. ಮಹಾಪಧಮನಿ ಶುರುವಾಗುವಲ್ಲೇ, ಕವಾಟದ ಸ್ವಲ್ಪ ಮೇಲೆ, ಎರಡು ಸಣ್ಣ ನಾಳ ಕವಲೊಡೆಯುತ್ತವೆ. ಹೃದಯದ ಪಾಲು ಅದರಲ್ಲಿ ಬರಬೇಕು. ಅದರಲ್ಲೂ ಎಡಗೋಡೆಗೆ ರಕ್ತ ಹೆಚ್ಚಾಗಿ ಸಿಗುವುದು ಹೃದಯ ಸಡಿಲಾದ ಹೊತ್ತಿನಲ್ಲಿ. ಹಿಂಡಿಕೊಂಡಾಗ ಅದರ ಸ್ನಾಯುವೇ ನಾಳವನ್ನು ಅದುಮುತ್ತದೆ. ಮರ ಹತ್ತುವಾಗ ಬಡಿತ ಜೋರಾಗುತ್ತದೆ, ಆ ಬಿಡುವು ಕಡಿಮೆಯಾಗುತ್ತದೆ. ಚಳಿಗೆ ಚರ್ಮದ ನಾಳಗಳು ಕುಗ್ಗಿ ಬಿಪಿ ಏರುತ್ತದೆ, ಕೆಲಸ ಇನ್ನೂ ಜಾಸ್ತಿ. ನಾಳದಲ್ಲಿ ಮೊದಲೇ ಅಡ್ಡಿ ಇದ್ದವರಿಗೆ ಮಳೆಗಾಲದ ತೋಟ ಹಗುರದ ಜಾಗವಲ್ಲ.

ಅವರಿಗೆ ಮಾತ್ರೆ ಜಗಿಸಿ, ಎರಡನೇ ಕಾಗದದ ಫೋಟೋವನ್ನು ಶಿವಮೊಗ್ಗದ ಹೃದಯದ ಡಾಕ್ಟರಿಗೆ ಕಳಿಸಿ, ಆಂಬುಲೆನ್ಸಿನಲ್ಲಿ ಕರೆದೊಯ್ದರು. ಉಳಿದರು. ನನ್ನಿಂದ ಹೋದದ್ದು ಏಳೆಂಟು ನಿಮಿಷ. ನಾಳ ಕಟ್ಟಿದಾಗ ಸ್ನಾಯು ಸಾಯುವುದು ನಿಮಿಷದ ಲೆಕ್ಕದಲ್ಲಿ. ಆ ಏಳೆಂಟು ನಿಮಿಷ ಇವತ್ತಿಗೂ ನನ್ನ ಜೊತೆ ಇದೆ.

ಅವತ್ತಿನಿಂದ ಕ್ಲಿಪ್ ಹಾಕುವ ಮುಂಚೆ ರೋಗಿಯನ್ನೇ ಕೇಳುತ್ತೇನೆ: "ಊಟ ಮಾಡುವ ಕೈ ಯಾವುದು, ಎತ್ತಿ." ಪ್ರಜ್ಞೆ ಇಲ್ಲದಿದ್ದರೆ ಬಲಭುಜ ಮುಟ್ಟಿ, ಅಲ್ಲಿಂದ ಮಣಿಕಟ್ಟಿನವರೆಗೆ ಕೈ ಜಾರಿಸಿ ಕೆಂಪು ಹಾಕುತ್ತೇನೆ.

ಎದೆಯ ಲೀಡ್‌ಗೂ ಅಷ್ಟೇ, ಅಂದಾಜು ಬೇಡ. ಕತ್ತಿನ ಕೆಳಗಿನ ಗುಳಿಯಿಂದ ಬೆರಳು ಇಳಿಸಿದರೆ ಎದೆಮೂಳೆಯಲ್ಲಿ ಒಂದು ಏಣು ಸಿಗುತ್ತದೆ. ಅದರ ಪಕ್ಕದ್ದು ಎರಡನೇ ಪಕ್ಕೆಲುಬು. ಅಲ್ಲಿಂದ ಎಣಿಸಿ ನಾಲ್ಕನೇ ಸಂದಿಗೆ ಬನ್ನಿ. ಮೂಳೆಯ ಬಲಕ್ಕೆ ವಿ1, ಎಡಕ್ಕೆ ವಿ2. ಹೊಸಬರು ಇವೆರಡನ್ನೂ ಮೇಲೆ ಇಡುವುದೇ ಜಾಸ್ತಿ, ಆಗ ಇಲ್ಲದ ಕಾಯಿಲೆ ಕಾಗದದಲ್ಲಿ ಕಾಣುತ್ತದೆ. ಹೆಂಗಸರು ನಾಚಿಕೊಳ್ಳುತ್ತಾರೆ ಅಂತ ವಿ4 ಎಲ್ಲೋ ಒಂದು ಕಡೆ ಅಂಟಿಸಬೇಡಿ. ಪರದೆ ಎಳೆಯಿರಿ, ಸಿಸ್ಟರ್ ಒಬ್ಬರನ್ನು ಕರೆಯಿರಿ, "ಅಮ್ಮಾ, ಐದು ನಿಮಿಷ" ಅಂತ ಹೇಳಿ, ಸ್ತನದ ಕೆಳಗೆ ಸರಿಯಾದ ಸಂದಿಯಲ್ಲಿ ಇಡಿ.

ನಮ್ಮ ಕಡೆ ಮಳೆಗಾಲದಲ್ಲಿ ಇನ್ನೊಂದು ಕೆಲಸ ಇದೆ. ಹೃದಯದ ವಿದ್ಯುತ್ ಚರ್ಮಕ್ಕೆ ಬರುವ ಹೊತ್ತಿಗೆ ಒಂದು ಮಿಲಿವೋಲ್ಟಿನ ಆಸುಪಾಸು ಅಷ್ಟೇ. ಚಳಿಗೆ ನಡುಗುವ ಸ್ನಾಯುವಿಗೂ ವಿದ್ಯುತ್ ಇದೆ, ಅದು ಗೆರೆಯನ್ನು ಗರಗಸದ ಹಲ್ಲು ಮಾಡಿಬಿಡುತ್ತದೆ. ಒದ್ದೆ ಬಟ್ಟೆ ಬಿಚ್ಚಿಸಿ, ಮೈ ಒರೆಸಿ, ಕಂಬಳಿ ಹೊದಿಸಿ. ನಾನು ಎರಡು ಅಂಗೈಗಳ ನಡುವೆ ಅವರ ಕೈ ಹಿಡಿದು ಕೂರುತ್ತೇನೆ. ಅರ್ಧ ನಿಮಿಷದಲ್ಲಿ ನಡುಕ ಇಳಿಯುತ್ತದೆ, ಉಸಿರೂ ತಗ್ಗುತ್ತದೆ.

ಆಮೇಲೆ ಬಟನ್ ಒತ್ತುತ್ತೇನೆ. ಕಾಗದ ಹರಿಯುವ ಮುಂಚೆ ಎರಡು ಕಡೆ ಕಣ್ಣು ಹೋಗುತ್ತದೆ: ಮೊದಲನೇ ಲೀಡ್ ಮೇಲ್ಮುಖವಾ, ಎವಿಆರ್ ಕೆಳಮುಖವಾ. ಹಾಗಿಲ್ಲದಿದ್ದರೆ ಡಾಕ್ಟರನ್ನು ಕೂಗುತ್ತಲೇ ತಂತಿ ಹಿಡಿದು ಕೈವರೆಗೆ ಹೋಗಿ ನೋಡುತ್ತೇನೆ.